ಗೃಹಪ್ರವೇಶಕ್ಕೆ ಕೈಯಲ್ಲೇ ಮಾಡಿದ ಕೋಸ್ಟರ್ ಕೊಡ್ಬೇಕು: ಬಿಸಿ ಕಾಫಿ ಲೋಟ ತಡೆಯೋದು ಯಾವುದು?

ಕಾವೇರಿತೀರ
ಎಲ್ಲರಿಗೂ ನಮಸ್ಕಾರ. ಮಾಘದಲ್ಲಿ ನನ್ನ ತಂಗಿ ಮನೆ ಗೃಹಪ್ರವೇಶ, ಇಲ್ಲೇ ಮೈಸೂರಲ್ಲಿ. ಬಂದವರಿಗೆ ತಾಂಬೂಲದ ಜೊತೆ ಪ್ಲಾಸ್ಟಿಕ್ ಡಬ್ಬಿ ಕೊಡೋದು ನಮ್ಮಿಬ್ಬರಿಗೂ ಇಷ್ಟ ಇಲ್ಲ. ಈಗಾಗಲೇ ಎಲ್ಲರ ಮನೆ ಅಟ್ಟದಲ್ಲೂ ಅವು ತುಂಬಿವೆ. ಲೋಟದ ಕೆಳಗಿಡೋ ಕೋಸ್ಟರ್‌ಗಳನ್ನ ನಾವೇ ಮಾಡಿ ಕೊಡೋಣ ಅಂತ ತೀರ್ಮಾನ ಮಾಡಿದ್ದೀವಿ. ಸುಮಾರು 60 ಮನೆ, ಮನೆಗೆ ನಾಲ್ಕರಂತೆ.

ಯೂಟ್ಯೂಬ್‌ನಲ್ಲಿ ಹುಡುಕಿದ್ರೆ ಬರೋದೆಲ್ಲ ರೆಸಿನ್‌ದೇ, ಅಚ್ಚಿಗೆ ಸುರಿದು ಗಟ್ಟಿ ಮಾಡ್ತಾರಲ್ಲ ಅದು. ನೋಡೋಕೆ ಬಹಳ ಚೆನ್ನಾಗಿವೆ. ಆದ್ರೆ ಆ ವಿಡಿಯೋಗಳಲ್ಲಿ ಕೊನೆಗೆ ಇಟ್ಟು ತೋರಿಸೋದು ಐಸ್ ಹಾಕಿದ ಜ್ಯೂಸ್ ಗ್ಲಾಸು. ನಮ್ಮ ನೆಂಟರ ಮನೆಗಳಲ್ಲಿ ದಿನಾ ಇಡೋದು ಸ್ಟೀಲ್ ಲೋಟದಲ್ಲಿ ಹಬೆಯಾಡೋ ಕಾಫಿ. ಅದನ್ನ ತಡೆಯೋ ಹಾಗಿರಬೇಕು, ನೋಡೋಕೂ ಚೆನ್ನಾಗಿರಬೇಕು. ನಮಗೆ ಕೈ ಹೊಲಿಗೆ ಬರತ್ತೆ, ಕ್ರೋಶಾ ಬರಲ್ಲ. ಮನೆಯೊಂದಕ್ಕೆ ನೂರು ರೂಪಾಯಿ ದಾಟಬಾರದು. ಅನುಭವ ಇರೋರು ಹೇಳಿ, ದಯವಿಟ್ಟು.

ರೆಸಿನ್‌ರಂಗು
ನಾನು ಬೆಂಗಳೂರಲ್ಲಿ ರೆಸಿನ್ ಕೆಲಸವನ್ನೇ ಮಾಡ್ತೀನಿ, ಮದುವೆ ಹಾರದ ಹೂವು ಒಣಗಿಸಿ ಹಾಕಿಕೊಡ್ತೀನಿ. ನಿಮ್ಮ ಅನುಮಾನ ಸರಿಯಾಗೇ ಇದೆ ಅಕ್ಕ. ಅಂಗಡಿಯಲ್ಲಿ ಸಿಗೋ ಸಾಮಾನ್ಯ ಎಪಾಕ್ಸಿ ರೆಸಿನ್‌ಗಳಲ್ಲಿ ಹಲವು 50-60 ಡಿಗ್ರಿ ದಾಟಿದ್ರೆ ಮೆತ್ತಗಾಗತ್ತೆ. ಆಗಷ್ಟೇ ಬಗ್ಗಿಸಿದ ಕಾಫಿ ಅದಕ್ಕಿಂತ ಬಿಸಿ ಇರತ್ತೆ, ಸ್ಟೀಲ್ ಲೋಟ ಆ ಬಿಸಿಯನ್ನ ಹಾಗೇ ತಳಕ್ಕೆ ಇಳಿಸತ್ತೆ. ಹತ್ತು ನಿಮಿಷ ಬಿಟ್ಟು ಲೋಟ ಎತ್ತಿದ್ರೆ ದುಂಡಗೆ ಅಚ್ಚು ಬಿದ್ದಿರತ್ತೆ, ಕೆಲವೊಮ್ಮೆ ಕೋಸ್ಟರೇ ಲೋಟಕ್ಕೆ ಅಂಟಿಕೊಂಡು ಬರತ್ತೆ. ಹೆಚ್ಚು ಶಾಖ ತಡೆಯೋ ರೆಸಿನ್ ಅಂತ ಬೇರೆ ಇದೆ, ಆದ್ರೆ ನಿಮ್ಮ ನೂರು ರೂಪಾಯಿಗೆ ಅದು ಎಟುಕಲ್ಲ.

ಇನ್ನೊಂದು ವಿಷಯ. ಕಲಿಯದೇ ಒಂದೇ ಸಲ ಇನ್ನೂರು ಮುನ್ನೂರು ರೆಸಿನ್ ಕೋಸ್ಟರ್ ಹಾಕೋಕೆ ಹೋಗ್ಬೇಡಿ. ರೆಸಿನ್ನು, ಅದನ್ನ ಗಟ್ಟಿ ಮಾಡೋ ಹಾರ್ಡನರ್ರು ಡಬ್ಬಿ ಮೇಲೆ ಬರೆದಿರೋ ಪ್ರಮಾಣದಲ್ಲೇ ಸೇರಬೇಕು, ಕಣ್ಣಂದಾಜು ನಡೆಯಲ್ಲ. ಒಂದು ಲೋಟದಲ್ಲಿ ಜಾಸ್ತಿ ಕಲಸಿಟ್ಟರೆ ತಾನಾಗೇ ಬಿಸಿಯೇರಿ ಹೊಗೆಯಾಡತ್ತೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಮೇಲ್ಮೈ ಮಬ್ಬಾಗತ್ತೆ. ಗ್ಲೌಸ್ ಇಲ್ಲದೆ ಮುಟ್ಟಿದ್ರೆ ಕೆಲವರಿಗೆ ಚರ್ಮದ ಅಲರ್ಜಿ ಶುರುವಾಗತ್ತೆ, ಒಮ್ಮೆ ಬಂದರೆ ಮತ್ತೆ ಮತ್ತೆ ಬರತ್ತೆ. ಕಿಟಕಿ ತೆಗೆದಿರೋ ಕೋಣೆ ಬೇಕು, ಮಕ್ಕಳು ದೂರ ಇರಬೇಕು. ತಣ್ಣನೆ ಪಾನೀಯಕ್ಕೆ ರೆಸಿನ್‌ಗೆ ನಾನು ಇವತ್ತಿಗೂ ಜೈ ಅಂತೀನಿ. ನಿಮ್ಮ ಕೆಲಸಕ್ಕೆ ಅದು ಬೇಡ.

ಲೇತ್‌ಮನೆ
ಚನ್ನಪಟ್ಟಣದವನು. ನಮ್ಮಲ್ಲೂ ಕೋಸ್ಟರ್ ಕೇಳ್ಕೊಂಡು ಬರ್ತಾರೆ, ಅದಕ್ಕೆ ಈ ಮಾತು. ನಮ್ಮ ಅರಗಿನ ಬಣ್ಣ ಹೆಂಗೆ ಹತ್ತುತ್ತೆ ಅಂದ್ರೆ, ಲೇತಲ್ಲಿ ತಿರುಗ್ತಿರೋ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡೀತೀವಿ. ಆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ಕೊಳ್ಳುತ್ತೆ. ಆಮೇಲೆ ಒಣಗಿದ ಗರಿ ಒತ್ತಿ ಹೊಳಪು ತರ್ತೀವಿ. ಬಿಸಿಯಿಂದ ಹತ್ತಿದ್ದು ಬಿಸಿಗೆ ಬಿಡದೇ ಇರುತ್ತಾ? ಸುಡೋ ಲೋಟ ಇಟ್ರೆ ಹೊಳಪು ಹೋಗುತ್ತೆ, ಗುರುತು ಬೀಳುತ್ತೆ.

ಆದ್ರೂ ಮರದ್ದೇ ಬೇಕು ಅಂದ್ರೆ ದಾರಿ ಇದೆ. ನಡುವೆ ಲೋಟ ಕೂರೋವಷ್ಟು ಜಾಗ ಸ್ವಲ್ಪ ತಗ್ಗಾಗಿ ಕೊರೆಸಿ, ಅಲ್ಲಿ ಬಣ್ಣ ಬೇಡ ಅನ್ನಿ. ಆ ತಗ್ಗಿಗೆ ಕಾರ್ಕ್ ಬಿಲ್ಲೆ ಕೂರಿಸಿದ್ರೆ ಶಾಖ ಬೇಗ ಇಳಿಯಲ್ಲ. ಅರಗು ಸುತ್ತಲ ಅಂಚಿಗೆ ಮಾತ್ರ ಇರ್ಲಿ, ಕೆಂಪು ಹಳದಿ ಬಳೆ ಹಾಕ್ದಂಗೆ ಎದ್ದು ಕಾಣುತ್ತೆ. ನಿಮ್ಮ ಬಜೆಟ್‌ಗೆ ಇದೂ ಆಗಲ್ಲ, ಅದು ಗೊತ್ತು. ಆದ್ರೆ ತೀರಾ ಹತ್ತಿರದ ನಾಲ್ಕಾರು ಜನಕ್ಕೆ ಕೊಡೋದಾದ್ರೆ ಯೋಚನೆ ಮಾಡಿ.

ಹಳಿಯಾಳಕಡೆ
ಅರವತ್ತು ಮನೆಗೆ, ಅದೂ ಕೈ ಹೊಲಿಗೆ ಬರೋರು ಅಂದ್ರೆ ಕೌದಿಗಿಂತ ಒಳ್ಳೇದು ಇಲ್ಲ. ಹಳೇ ಕಾಟನ್ ಸೀರೆ, ಪಂಚೆ ಪದರ ಪದರ ಮಾಡಿ ಹೊಲಿದ ನಾಲ್ಕಿಂಚಿನ ಪುಟ್ಟ ಕೌದಿ. ಹಳೇ ಸೀರೆಗೆ ದುಡ್ಡಿಲ್ಲ, ದಾರಕ್ಕಷ್ಟೇ ಖರ್ಚು. ಎಷ್ಟೋ ಸಲ ಒಗೆದ ಬಟ್ಟೆ ಆದ್ದರಿಂದ ಇನ್ನು ಕುಗ್ಗೋದಿಲ್ಲ, ಬಣ್ಣ ಬಿಡೋದೂ ಕಡಿಮೆ. ನೀರು ಚೆಲ್ಲಿದ್ರೆ ಹೀರಿಕೊಳ್ತದೆ. ಬಿಸಿ ಕೆಳಗೆ ಬೇಗ ಇಳಿಯೋದಿಲ್ಲ.

ನಮ್ಮ ಕಡೆ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು ಕೌದಿ ಹೊಲಿಯೋ ರೀತಿ ನೋಡಿದ್ರೆ ನಿಮಗೆ ಕೆಲಸ ಇನ್ನೂ ಹಗುರ ಆಗ್ತದೆ. ಅವರು ಮೇಲಿನ ಬಟ್ಟೆಯನ್ನ ಮೊದಲೇ ಜೋಡಿಸಿಕೊಳ್ಳೋದಿಲ್ಲ. ಒಂದು ಮೂಲೆಯಿಂದ ಶುರು ಮಾಡಿ, ಒಂದೊಂದೇ ತುಂಡಿನ ಅಂಚು ಒಳಗೆ ಮಡಚಿ ಇಟ್ಟು, ಸುತ್ತು ಹಾಕ್ತಾ ಹಾಕ್ತಾ ನಡುವಿಗೆ ಬರ್ತಾರೆ. ಹೊಲಿಗೆಯೂ ಅದೇ ಸುತ್ತಿನಲ್ಲಿ ಸಾಗ್ತದೆ, ಹೊರಗಿನ ಚೌಕದೊಳಗೆ ಇನ್ನೊಂದು ಚೌಕ, ಅದರೊಳಗೆ ಮತ್ತೊಂದು. ಬೇರೆ ಬಾರ್ಡರ್ ಬೇಕಾಗೋದಿಲ್ಲ. ನಾಲ್ಕು ಮೂಲೆಗೂ ಮುಕ್ಕೋಣವಾಗಿ ಮಡಚಿದ ಪುಟ್ಟ ಬಟ್ಟೆ ಸಿಕ್ಕಿಸ್ತಾರೆ, ಅದಕ್ಕೆ ಫುಲಾ ಅಂತಾರೆ. ಅದಿಲ್ಲದ ಕೌದಿ ಅವರಿಗೆ ಪೂರ್ತಿ ಆದದ್ದೇ ಅಲ್ಲ. ನಾಲ್ಕಿಂಚಿನಲ್ಲೂ ಆ ಮೂಲೆ ಹೂವು ಹಾಕಿ ನೋಡಿ, ಎಷ್ಟು ಕಳೆ ಬರ್ತದೆ ಅಂತ.

ಕಾವೇರಿತೀರ
ಇದು ಮನಸ್ಸಿಗೆ ಹಿಡಿಸ್ತು. ಅಮ್ಮನ ಹಳೇ ಸೀರೆಗಳು ಒಂದು ಪೆಟ್ಟಿಗೆ ತುಂಬ ಇವೆ. ಎಷ್ಟು ಪದರ ಹಾಕ್ಬೇಕು? ಒಳಗೆ ಸ್ಪಂಜೋ ಹತ್ತಿಯೋ ಇಟ್ಟರೆ ಶಾಖ ಇನ್ನೂ ಚೆನ್ನಾಗಿ ತಡೆಯಲ್ವಾ?

ಹಳಿಯಾಳಕಡೆ
ಸ್ಪಂಜು ಬೇಡವೇ ಬೇಡ. ಮೇಲ್ಮೈ ಉಬ್ಬಿದ್ರೆ ಲೋಟ ಓಲಾಡ್ತದೆ. ನಮ್ಮ ಸ್ಟೀಲ್ ಲೋಟಗಳ ತಳ ಸಣ್ಣದು, ಬಾಯಿ ಅಗಲ, ತುಂಬಿದಾಗ ಭಾರವೆಲ್ಲ ಮೇಲಿರ್ತದೆ. ಮಗು ಪಕ್ಕದಲ್ಲಿದ್ದಾಗ ಕಾಫಿ ಮಗುಚಿದ್ರೆ ಏನಾಗ್ತದೆ ಯೋಚಿಸಿ. ಕೋಸ್ಟರ್ ಚಪ್ಪಟೆಯಾಗೇ ಇರಬೇಕು.

ಸೀರೆ ಬಟ್ಟೆಯಾದ್ರೆ ಒಳಗೆ ನಾಲ್ಕು ಪದರ, ಮೇಲೊಂದು ಕೆಳಗೊಂದು, ಒಟ್ಟು ಆರು ಸಾಕು. ಪಂಚೆ ದಪ್ಪ ಇದ್ದರೆ ಒಂದು ಕಡಿಮೆ ಮಾಡಿ. ಅದಕ್ಕಿಂತ ಜಾಸ್ತಿ ಆದ್ರೆ ಸೂಜಿ ಇಳಿಯೋದಿಲ್ಲ, ಬೆರಳು ನೋಯ್ತದೆ. ಕೆಳಗಿನ ಬಟ್ಟೆ ಐದಿಂಚು ಚೌಕ ಕತ್ತರಿಸಿ. ಒಳಪದರಗಳನ್ನ ನಾಲ್ಕಿಂಚಿಗೇ ಕತ್ತರಿಸಿ. ಕೆಳಬಟ್ಟೆಯ ಅಂಚು ಅರ್ಧ ಇಂಚು ಒಳಪದರದ ಮೇಲೆ ಮಡಚಿಕೊಳ್ಳಿ, ಆಗ ಮೂಲೆ ದಪ್ಪ ಆಗೋದಿಲ್ಲ. ಹೊಲಿಗೆ ಸಾಲುಗಳ ನಡುವೆ ಒಂದು ಕಾಳು ಅಕ್ಕಿ ಹಿಡಿಯುವಷ್ಟು ಜಾಗ ಬಿಡಿ, ಸಾಕು.

ಗಣಿತಮೇಷ್ಟ್ರು
ಲೆಕ್ಕ ಹಾಕಿದ್ದೀರಾ ಮೇಡಂ? 60 ಮನೆ, ಮನೆಗೆ 4 ಅಂದರೆ 240. ಕೈಯಲ್ಲಿ ಹೊಲಿಯೋಕೆ ಒಂದಕ್ಕೆ ಮುಕ್ಕಾಲು ಗಂಟೆ ಅಂತಿಟ್ಟುಕೊಂಡರೂ 180 ಗಂಟೆ. ಇಬ್ಬರೂ ದಿನಕ್ಕೆ ಒಂದೊಂದು ಗಂಟೆ ಕೂತರೆ ಮೂರು ತಿಂಗಳು, ಮಧ್ಯೆ ಒಂದು ದಿನವೂ ಬಿಡುವಿಲ್ಲ. ಗೃಹಪ್ರವೇಶದ ಓಡಾಟ ಬೇರೆ ಇರುತ್ತೆ. ಮನೆಗೆ ಎರಡರಂತೆ ಕೊಡಿ. 120 ಆದರೆ 90 ಗಂಟೆ, ಒಂದೂವರೆ ತಿಂಗಳಲ್ಲಿ ಮುಗಿಯುತ್ತೆ. ಗಂಡ ಹೆಂಡತಿ ಇಬ್ಬರ ಲೋಟಕ್ಕೆ ಜೋಡಿ ಕೋಸ್ಟರ್ ಅಂದರೆ ಉಡುಗೊರೆಯಾಗಿಯೂ ಪೂರ್ಣವಾಗಿದೆ.

ಸೂಜಿದಾರ_ಧಾರವಾಡ
ಮೇಷ್ಟ್ರ ಮಾತು ಖರೇ ಐತಿ. ನಾ ನಮ್ಮ ಕಡೆ ಎಳಿ ಎಣಿಸಿ ಹಾಕೂ ಕಸೂತಿ ಕಲಿಸಾಕಿ. ಇಲ್ಲಿ ಯಾರೂ ಕಸೂತಿ ಹೆಸರು ತಗೀಲಿಲ್ಲಲ್ಲ ಅಂತ ಬರ್ಯಾಕತ್ತೀನಿ. ಎಲ್ಲಾರಿಗೂ ಕೌದಿ ಮಾಡ್ರಿ, ಆದ್ರ ತವರು ಮನಿಯವ್ರಿಗೆ, ಬೀಗರಿಗೆ, ಹಿಂಗ ಒಂದೈದಾರು ಮನಿಗೆ ಕಸೂತಿ ಹಾಕಿದ್ದು ಕೊಡ್ರಿ. ಜೀವನ ಪೂರ್ತಿ ಇಟ್ಕೊಳ್ತಾರ.

ಕಸೂತಿ ಕೋಸ್ಟರಿಗೆ ಹೇಳಿ ಮಾಡಿಸಿದ ಕೆಲಸ, ಯಾಕಂದ್ರ ಗವಂತಿ (ಗೆರಿ ಗೆರಿ ಹೊಲಿಗಿ) ಮತ್ತ ಮುರ್ಗಿ (ಮೆಟ್ಟಿಲ ಥರದ್ದು) ಹೊಲಿಗಿ ಎರಡೂ ಕಡೆ ಒಂದೇ ಥರ ಕಾಣ್ತಾವು. ಗಂಟು ಹಾಕೂದಿಲ್ಲ. ದಾರದ ತುದಿ ಹೊಲಿಗಿ ಒಳಗ ಸೇರಿಸಿ ಮುಗಸ್ತೀವಿ. ಗಂಟಿಲ್ಲಂದ್ರ ಲೋಟ ಅಲುಗಾಡೂದಿಲ್ಲ. ಒಂದು ಕಡೆ ಕಾಫಿ ಕಲಿ ಆದ್ರ ತಿರುವಿ ಹಾಕಬಹುದು.

ಲೆಕ್ಕ ಹಿಂಗ್ರಿ. ಇಂಚಿಗೆ 14 ಚೌಕ ಇರೂ ಮ್ಯಾಟಿ ಬಟ್ಟಿ ತಗೊಂಡ್ರ ನಾಕಿಂಚಿಗೆ 56 ಚೌಕ ಬರ್ತಾವು. ಸರಿಸಂಖ್ಯೆ, ಅಂದ್ರ 28ನೇ ಚೌಕ ಮುಗಿದಲ್ಲಿ ನಟ್ಟನಡುವಿನ ತೂತು ಸಿಗತೈತಿ. ಅಲ್ಲಿಂದನ ಶುರು ಮಾಡ್ರಿ. ಚಿತ್ರ 40 ಚೌಕದೊಳಗ ಇರಲಿ, ನಾಕೂ ಕಡೆ ಎಂಟೆಂಟು ಚೌಕ ಖಾಲಿ ಉಳೀತಾವು, ಅಂಚು ಕಟ್ಟಾಕ ಚಂದ ಆಗತೈತಿ. ಆರೆಳಿ ದಾರದಾಗ ಎರಡೆಳಿ ತಗೀರಿ. ಗವಂತಿಯೊಳಗ ಹೋಗೂವಾಗ ಒಂದು ಮನಿ (ಅಂದ್ರ ಚೌಕ) ಬಿಟ್ಟು ಒಂದು ಮನಿ ತುಂಬಿಕೋತ ಹೋಗ್ತೀವಿ, ಬರೂವಾಗ ಬಿಟ್ಟ ಮನಿ ತುಂಬ್ತೀವಿ. ಹೋದ ಹಾದಿ ಬಿಟ್ಟು ಬ್ಯಾರೆ ಹಾದಿಲೆ ಬಂದ್ರಿ ಅಂದ್ರ ಹಿಂದಿನ ಮೈ ಕೆಡತೈತಿ. ಕೈ ಹಿಡಿಯೂಕಿಂತ ಮೊದಲ ಪೆನ್ಸಿಲಿನಿಂದ ಚೌಕದ ಹಾಳಿ ಮ್ಯಾಲೆ ಆ ಹಾದಿ ಬರಕೊಳ್ರಿ. ನೇಯ್ದಂಗ ಕಾಣೂ ನೇಗಿ ಹೊಲಿಗಿ ಎರಡೂ ಕಡೆ ಒಂದೇ ಥರ ಬರೂದಿಲ್ಲ, ಇದಕ್ಕ ಬ್ಯಾಡ. ಅಡ್ಡಗೀಟಿನ ಹೊಲಿಗಿ ಮೆಂತೇನೂ ಬ್ಯಾಡ, ದಾರ ದಪ್ಪಾಗಿ ಕೂಡತೈತಿ.

ಯಾರಾದಂಡೆ
ಮೆಲ್ಬರ್ನ್‌ನಿಂದ. ಈ ಚರ್ಚೆ ಓದ್ತಾ ಊರು ನೆನಪಾಯ್ತು. ಕಾವೇರಿತೀರ ಅವರೇ, ವಿದೇಶದಿಂದ ಬರೋ ನೆಂಟರಿದ್ದರೆ ಅವರಿಗೂ ಬಟ್ಟೆಯದ್ದೇ ಕೊಡಿ. ಮರ, ನಾರು, ಹುಲ್ಲು, ಬೀಜ ಇರೋ ಯಾವುದೇ ವಸ್ತುವನ್ನ ಆಸ್ಟ್ರೇಲಿಯಾಗೆ ತರುವಾಗ ವಿಮಾನ ನಿಲ್ದಾಣದಲ್ಲಿ ಘೋಷಿಸಲೇಬೇಕು. ತೊಗಟೆ ಇದ್ದರೆ, ಹುಳ ತಿಂದ ಗುರುತಿದ್ದರೆ ತಡೆಹಿಡಿಯೋ ಸಾಧ್ಯತೆ ಇದೆ. ಒಗೆದ ಹತ್ತಿ ಬಟ್ಟೆಗೆ ಈ ತಾಪತ್ರಯ ಇಲ್ಲ, ಸೂಟ್‌ಕೇಸಲ್ಲಿ ಭಾರವೂ ಇಲ್ಲ.

ತೋಟದಮನೆ
ಪುತ್ತೂರಿನ ಕಡೆಯವ. ಅಡಿಕೆ ಹಾಳೆಯಲ್ಲಿ ಕೋಸ್ಟರ್ ಮಾಡಬಹುದು ಅಂತ ಹೇಳ್ಲಿಕ್ಕೆ ಬಂದೆ. ಹಾಳೆಯನ್ನು ನೀರಲ್ಲಿ ನೆನೆಸಿ ಬಿಸಿ ಅಚ್ಚಿನಲ್ಲಿ ಒತ್ತಿದ್ರೆ ಅಂಟು ಗಿಂಟು ಏನೂ ಇಲ್ಲದೆ ಗಟ್ಟಿ ಆಗ್ತದೆ. ಬಿಸಿ ಲೋಟಕ್ಕೆ ಏನೂ ತೊಂದರೆ ಇಲ್ಲ, ಊಟದ ತಟ್ಟೆಯೇ ಇದರಲ್ಲಿ ಮಾಡ್ತಾರಲ್ಲ. ಹಾಳೆಯ ಗೆರೆಗಳು ಒಂದೊಂದರಲ್ಲಿ ಒಂದೊಂದು ನಮೂನೆ ಇರ್ತವೆ, ಬಣ್ಣವೇ ಬೇಡ.

ಆದರೆ ಒಂದು ಉಂಟು. ಮತ್ತೆ ಮತ್ತೆ ಒದ್ದೆಯಾದ್ರೆ ಮೆದು ಆಗ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡೀತದೆ. ಒಂದು ಕಾರ್ಯಕ್ರಮಕ್ಕೆ ಇಟ್ಟು ಆಮೇಲೆ ಗೊಬ್ಬರದ ಗುಂಡಿಗೆ ಹಾಕುವುದಾದ್ರೆ ಹಾಳೆಗೆ ಸಮ ಬೇರೆ ಇಲ್ಲ. ಹತ್ತು ವರ್ಷ ಇಟ್ಟುಕೊಳ್ಳುವ ಉಡುಗೊರೆಗೆ ನಾನು ಹೇಳುವುದಿಲ್ಲ. ಗೃಹಪ್ರವೇಶದ ದಿನ ಊಟದ ಹಾಲ್‌ನಲ್ಲಿ ನೀರಿನ ಲೋಟದ ಅಡಿಗೆ ಇಡಿ ಬೇಕಾದ್ರೆ.

ಕ್ರೋಶಾಜ್ಜಿ
ಮಗಳೇ, ಕ್ರೋಶಾ ಬರಲ್ಲ ಅಂತ ಬರೆದಿದ್ದೀಯ. ಕಲಿಯೋಕೆ ಕೋಸ್ಟರ್‌ಗಿಂತ ಸುಲಭದ್ದು ಇಲ್ಲ, ಅದಕ್ಕೆ ಹೇಳ್ತಿದೀನಿ. ಕಾಟನ್ ದಾರವನ್ನೇ ತಗೋ. ಅಕ್ರಿಲಿಕ್ ಉಲ್ಲನ್ ನೀರು ಹೀರಲ್ಲ, ಬಿಸಿಗೆ ಮೆತ್ತಗಾಗಿ ಆಕಾರ ಕೆಡತ್ತೆ. ನಡುವಿನ ಉಂಗುರದಲ್ಲಿ 12 ಕಂಬ (ಎತ್ತರದ ಹೊಲಿಗೆ), ಎರಡನೇ ಸುತ್ತಿಗೆ 24, ಮೂರನೇದಕ್ಕೆ 36, ನಾಲ್ಕನೇದಕ್ಕೆ 48. ಪ್ರತಿ ಸುತ್ತಿಗೂ ಹನ್ನೆರಡೇ ಹೆಚ್ಚಬೇಕು. ಅಂಚು ಮೇಲೆದ್ದು ಬಟ್ಟಲಾಗ್ತಾ ಇದೆ ಅಂದ್ರೆ ಕಂಬ ಕಡಿಮೆ ಬಿದ್ದಿದೆ. ಅಂಚು ನಿರಿಗೆ ಕಟ್ಟಿದೆ ಅಂದ್ರೆ ಜಾಸ್ತಿ ಬಿದ್ದಿದೆ. ಬಿಚ್ಚಿ ಸರಿಮಾಡು, ಎಳೆದು ಇಸ್ತ್ರಿ ಮಾಡಿದ್ರೆ ಸರಿಹೋಗತ್ತೆ ಅಂತ ಬಿಡ್ಬೇಡ.

ಜಾಲರಿ ಥರ ತೂತು ತೂತಾಗಿ ಹಾಕ್ತಾರಲ್ಲ, ಅದು ಟಿವಿ ಮೇಲೆ ಹಾಸೋಕೆ ಸರಿ. ಕೋಸ್ಟರ್‌ಗೆ ತೂತಿದ್ದರೆ ನೀರು ನೇರವಾಗಿ ಮೇಜಿಗೇ ಇಳಿಯತ್ತೆ. ಬಿಗಿಯಾಗಿ ಹಾಕು, ಇಲ್ಲಾ ಕೆಳಗೊಂದು ಬಟ್ಟೆ ಕೊಡು. ಗಂಜಿ ಹಾಕಿ ಸೆಟೆಸೋದು ಕೆಲವರ ಅಭ್ಯಾಸ. ಒದ್ದೆ ಲೋಟ ಇಟ್ಟ ಕೂಡಲೇ ಗಂಜಿ ಕರಗಿ ಅಂಟಂಟಾಗತ್ತೆ, ಜಿರಲೆಯೂ ಬರತ್ತೆ. ಬೇಡ.

ಸಾಗರದವಳು
ನಾನೊಂದು ಕೇಳ್ಬೇಕು ಅಂತಿದ್ದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಿಲ್ಲೆ ಮೇಲೆ ಹಸೆ ಚಿತ್ತಾರ ಬರೆದು ಕೋಸ್ಟರ್ ಅಂತ ಮಾರೋದು ಈಗ ಎಲ್ಲಾ ಕಡೆ ಕಾಣ್ತಾ ಇದೆ. ಚಿತ್ತಾರ ಮಲೆನಾಡಿನ ನಮ್ಮ ದೀವರು ಸಮುದಾಯದ ಮನೆಗಳ ಗೋಡೆ ಮೇಲಿನದು, ಮದುವೆ ಮನೆಯ ಹಸೆಗೋಡೆಯದು. ಕೆಮ್ಮಣ್ಣಿನ ನೆಲ, ಅಕ್ಕಿ ಅರೆದ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಆ ಸಣ್ಣ ಎಳೆಗಳ ಮೇಲೆ ಕಾಫಿ ಲೋಟ ಊರೋದು ನನಗೆ ಸಮಾಧಾನ ಕೊಡೋದಿಲ್ಲ. ಅಕ್ಕಿ ಹಿಟ್ಟಿನ ಬಣ್ಣ ಒಂದು ತೊಟ್ಟು ನೀರು ಬಿದ್ರೆ ನಿಲ್ಲೋದೂ ಇಲ್ಲ. ಎಂಡಿಎಫ್ಫೂ ಅಷ್ಟೇ, ಅಂಚಿನಿಂದ ನೀರು ಕುಡಿದು ಉಬ್ಬುತ್ತೆ.

ಭೂಮಿ ಹುಣ್ಣಿಮೆಗೆ ನಾವು ಬುಟ್ಟಿ ಮೇಲೆ ಚಿತ್ತಾರ ಬರೀತೇವೆ, ಗದ್ದೆಗೆ ಚರಗ (ಭೂಮಿತಾಯಿಗೆ ಬೀರೋ ಎಡೆ) ಒಯ್ಯೋ ಬುಟ್ಟಿ. ಅದನ್ನ ನೆನೆಸಿಕೊಂಡು ಹೇಳ್ತೇನೆ: ಚಿತ್ತಾರ ಬೇಕಂದ್ರೆ ಕೋಸ್ಟರ್ ಇಡೋ ಡಬ್ಬಿಯ ಮುಚ್ಚಳಕ್ಕೆ ಬರೆಸಿ. ಬರೆದವರಿಗೆ ಸರಿಯಾದ ದುಡ್ಡು ಕೊಡಿ, ಇದು ಎಲ್ಲಿಯದು, ಯಾರದು ಅಂತ ಒಂದು ಸಾಲು ಚೀಟಿಯಲ್ಲಿ ಬರೆದು ಇಡಿ.

ಲೇತ್‌ಮನೆ
ಸಾಗರದವ್ರು ಹೇಳಿದ್ದು ಸರಿಯಾಗಿದೆ. ದೇವರ ಚಿತ್ರದ ಕೋಸ್ಟರ್‌ನೂ ಕೇಳ್ತಾರೆ, ಗಣಪತಿ, ಲಕ್ಷ್ಮಿ, ಓಂ. ನಾನು ಮಾಡಿಕೊಡಲ್ಲ. ಎಂಜಲು ಲೋಟ ಇಡೋ ಜಾಗ ಅದು.

ಗಣಿತಮೇಷ್ಟ್ರು
ಹಾಗಾದರೆ ಕಸೂತಿಯ ಗೋಪುರ, ತುಳಸಿಕಟ್ಟೆ, ತೇರು? ಅವೂ ದೇವರವೇ ಅಲ್ಲವೇ?

ಸೂಜಿದಾರ_ಧಾರವಾಡ
ಛಲೋ ಕೇಳಿದ್ರಿ ಸರ್. ಇಳಕಲ್ ಸೀರಿ ಸೆರಗಿನ ಮ್ಯಾಲೆ, ಚಂದ್ರಕಾಳಿ ಸೀರಿ ಮ್ಯಾಲೆ ಗೋಪುರ, ತೇರು ಹಾಕ್ತೀವಿ. ಸೆರಗು ಹೆಗಲ ಮ್ಯಾಲೆ, ತಲಿ ಮ್ಯಾಲೆ ಬರತೈತಿ. ಲೋಟದ ಕೆಳಗ ತುಳಸಿಕಟ್ಟಿ ಬ್ಯಾಡ್ರಿ, ನನ್ನ ಹತ್ರ ಕಲಿಯೂ ಹುಡುಗ್ಯಾರಿಗೂ ಹಂಗ ಹೇಳ್ತೀನಿ. ನವಿಲು, ಹಂಸ, ಗಿಣಿ, ಬಳ್ಳಿ, ಎಂಟು ಮೂಲಿ ಚಿಕ್ಕಿ (ನಕ್ಷತ್ರ), ಎಷ್ಟರ ಅದಾವು. ಮುರ್ಗಿ ಹೊಲಿಗೀದು ಬರೇ ಮೆಟ್ಟಿಲ ಮೆಟ್ಟಿಲ ಅಂಚು ಹಾಕಿದ್ರೂ ಕೋಸ್ಟರ್ ತುಂಬಿ ಕಾಣತೈತಿ.

ರೆಸಿನ್‌ರಂಗು
ಕನ್ನಡ ಅಕ್ಷರಗಳು? ನನ್ನ ಹತ್ರ ರಾಜ್ಯೋತ್ಸವಕ್ಕೆ 'ಅ ಆ ಇ ಈ' ಕೋಸ್ಟರ್ ಸೆಟ್ ಮಾಡಿಸಿಕೊಂಡವರು ತುಂಬಾ ಜನ. ಅದರಲ್ಲಿ ತಪ್ಪೇನಿದೆ ಅಂತ ನನಗನಿಸಲ್ಲ. ಮನೆಯ ಮಕ್ಕಳು ದಿನಾ ಅಕ್ಷರ ನೋಡ್ತಾರೆ.

ಕ್ರೋಶಾಜ್ಜಿ
ಪುಸ್ತಕಕ್ಕೆ ಕಾಲು ತಾಗಿದ್ರೆ ಕಣ್ಣಿಗೊತ್ತಿಕೊಳ್ಳೋರು ನಾವು. ನನಗೆ ಆಗಲ್ಲ ಕಣಮ್ಮ. ನಿನ್ನಿಷ್ಟ ನಿನ್ನದು.

ತೋಟದಮನೆ
ನನಗೆ ಅಕ್ಷರದ ಬಗ್ಗೆ ಅಭ್ಯಂತರ ಇಲ್ಲ. ಮನೆಯ ಹೆಸರು, ತಾರೀಕು ಮಾತ್ರ ಬೇಡ. ತಂಗಿಯ ಮನೆಯ ಹೆಸರು ಬರೆದ ಕೋಸ್ಟರನ್ನು ಬೇರೆಯವರು ತಮ್ಮ ಮನೆಯ ಮೇಜಿನ ಮೇಲೆ ಇಡುವುದು ಕಡಿಮೆ. ಒಳಗೆ ಎತ್ತಿಟ್ಟುಬಿಡ್ತಾರೆ. ಅದು ಬಳಕೆ ಆಗಬೇಕು ಅಂದ್ರೆ ಅವರದ್ದೇ ಅನ್ನಿಸಬೇಕು.

ಯಾರಾದಂಡೆ
ಒಂದು ಮಾತು ಸೇರಿಸ್ತೀನಿ. ತಣ್ಣನೆ ಗ್ಲಾಸಿನ ವಿಷಯ ಯಾರೂ ಬಿಡಿಸಿ ಹೇಳಿಲ್ಲ. ಫ್ರಿಜ್ಜಿನಿಂದ ತೆಗೆದ ಗ್ಲಾಸಿನ ಹೊರಮೈ ಮೇಲೆ ಗಾಳಿಯ ತೇವ ಹನಿಯಾಗಿ ಕೂತು ಕೆಳಗಿಳಿಯತ್ತೆ. ಕೋಸ್ಟರ್ ನುಣುಪಾಗಿ ನೀರು ಹೀರದಿದ್ದರೆ ಆ ಹನಿ ಗ್ಲಾಸಿಗೂ ಕೋಸ್ಟರಿಗೂ ನಡುವೆ ತೆಳು ಪದರವಾಗಿ ನಿಂತು ಎರಡನ್ನೂ ಅಂಟಿಸತ್ತೆ. ಗ್ಲಾಸ್ ಎತ್ತಿದರೆ ಕೋಸ್ಟರೂ ಎದ್ದು, ಅರ್ಧದಲ್ಲಿ ಕಳಚಿ ಕಾಲ ಮೇಲೆ ಬೀಳತ್ತೆ. ಗಾಜು, ಹೊಳಪು ಟೈಲು, ರೆಸಿನ್ ಎಲ್ಲಕ್ಕೂ ಇದೇ ಕತೆ. ಬಟ್ಟೆ, ಕಾರ್ಕ್, ಹೊಳಪು ಹಾಕದ ಮಣ್ಣಿನ ಬಿಲ್ಲೆ ಹೀಗೆ ಮಾಡಲ್ಲ. ಬಿಸಿಗೂ ತಣ್ಣಗೂ ಎರಡಕ್ಕೂ ಬಟ್ಟೆ ಗೆಲ್ಲತ್ತೆ ಅನ್ನೋದಕ್ಕೆ ಇದೂ ಒಂದು ಕಾರಣ.

ಕಾವೇರಿತೀರ
ಎಷ್ಟೊಂದು ತಿಳಿಸಿಕೊಟ್ಟಿರಿ! ತಂಗಿ ಜೊತೆ ಕೂತು ಎಲ್ಲಾ ಓದಿದೆ. ಅಮ್ಮನ ಪೆಟ್ಟಿಗೆ ತೆಗೆದು ಸೀರೆಗಳನ್ನ ವಿಂಗಡಿಸಿದ್ವಿ. ಒಂದು ಅನುಮಾನ. ಕೆಲವು ಸೀರೆ ಕಾಟನ್ನೋ ಪಾಲಿಯೆಸ್ಟರ್ ಬೆರೆತದ್ದೋ ಗೊತ್ತಾಗ್ತಿಲ್ಲ. ಅಮ್ಮನಿಗೂ ನೆನಪಿಲ್ಲ. ಮತ್ತೆ ಅಂಚಿಗೆ ಖಣದ ಬಟ್ಟೆ ಹಾಕಿದ್ರೆ ಹೇಗಿರತ್ತೆ?

ಹಳಿಯಾಳಕಡೆ
ಎರಡು ಪರೀಕ್ಷೆ ಮಾಡಿ. ಒಂದು, ಬಟ್ಟೆ ಮೇಲೆ ಚಮಚದಲ್ಲಿ ನೀರು ಹಾಕಿ. ಹಳೇ ಕಾಟನ್ ಆದ್ರೆ ತಕ್ಷಣ ಹರಡಿಕೊಳ್ತದೆ. ಸಿಂಥೆಟಿಕ್ ಜಾಸ್ತಿ ಇದ್ದರೆ ಹನಿ ಹಾಗೇ ಮೇಲೆ ನಿಲ್ತದೆ, ಇಲ್ಲಾ ಜಾರಿ ಹೋಗ್ತದೆ. ಎರಡು, ಅಂಚಿನಿಂದ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತೋರಿಸಿ. ಕಾಟನ್ ಆದ್ರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿ ಉದುರ್ತದೆ. ಪಾಲಿಯೆಸ್ಟರ್ ಆದ್ರೆ ಕರಗಿ ಗಟ್ಟಿ ಮಣಿ ಆಗ್ತದೆ. ಮಣಿ ಆದದ್ದನ್ನ ಕೋಸ್ಟರ್‌ಗೆ ಬಳಸಬೇಡಿ, ಬಿಸಿಗೂ ಆಗೋದಿಲ್ಲ, ನೀರಿಗೂ ಆಗೋದಿಲ್ಲ.

ಸೂಜಿದಾರ_ಧಾರವಾಡ
ಖಣ ಅಂಚಿಗೆ ಚಂದ ಆಗತೈತ್ರಿ, ಗುಳೇದಗುಡ್ಡದ್ದು ಸಿಕ್ಕರ ಇನ್ನೂ ಛಲೋ. ಆದ್ರ ಪ್ಯಾಟಿಯೊಳಗ ಸಿಂಥೆಟಿಕ್ ಖಣಾನೂ ಬಂದಾವು, ಮ್ಯಾಲೆ ಅವ್ರು ಹೇಳಿದ ಪರೀಕ್ಷೆ ಅದಕ್ಕೂ ಮಾಡ್ರಿ. ನಟ್ಟನಡುವ ಹಾಕಬ್ಯಾಡ್ರಿ. ಲೋಟದ ತಳ ತಿಕ್ಕಿ ತಿಕ್ಕಿ ನೇಯ್ಗಿ ಎಳಿ ಏಳ್ತಾವು. ಮೂಲಿಗೆ ಹಾಕೂ ಆ ಮುಕ್ಕೋಣದ ಹೂವಿಗೆ ಖಣ ಇಟ್ರ ಸಾಕು. ಒಂದು ಕುಬುಸದ ಖಣದಾಗ ಎಷ್ಟೋ ಮೂಲಿ ಆಗ್ತಾವು, ರೊಕ್ಕಾನೂ ಉಳೀತೈತಿ.

ಮತ್ತ ಬಣ್ಣದ ಮಾತು. ಹೊಸ ಕೆಂಪು ದಾರ, ಹೊಸ ಖಣ ಎರಡೂ ಬಣ್ಣ ಬಿಡಬಹುದು. ಬಿಳಿ ಬಟ್ಟಿ ಒದ್ದಿ ಮಾಡಿ ದಾರದ ಮ್ಯಾಲೆ ಇಟ್ಟು ಬಿಸಿ ಇಸ್ತ್ರಿ ಒತ್ರಿ. ಬಿಳಿಗೆ ಕೆಂಪು ಹತ್ತಿದ್ರ ಆ ದಾರ ಬ್ಯಾಡ. ಬಿಸಿ ಮತ್ತ ಒದ್ದಿ ಎರಡೂ ಕೂಡಿದಾಗನ ಬಣ್ಣ ಇಳಿಯೂದು, ಕಾಫಿ ಲೋಟದ ಕೆಳಗೂ ಹಂಗ ಇರತೈತಿ.

ಕಾವೇರಿತೀರ
ಸರಿ, ಹೀಗೆ ತೀರ್ಮಾನ ಆಯ್ತು. 60 ಮನೆಗೂ ಜೋಡಿ ಕೌದಿ ಕೋಸ್ಟರ್, ಮೂಲೆಗೆ ಖಣದ ಹೂವು. ಅಮ್ಮನ ಸೀರೆಯೇ ಎಲ್ಲರ ಮನೆಗೂ ಹೋಗತ್ತೆ ಅಂತ ತಂಗಿಗೆ ತುಂಬಾ ಖುಷಿ. ಚಿಕ್ಕಪ್ಪ, ಇಬ್ಬರು ಅತ್ತೆಯರು, ಬೀಗರ ಮನೆ, ಇಷ್ಟಕ್ಕೆ ಕಸೂತಿ ನಾನು ಹಾಕ್ತೀನಿ, ಮುರ್ಗಿ ಅಂಚು, ನಡುವೆ ಎಂಟು ಮೂಲೆಯ ಚುಕ್ಕಿ. ಡಬ್ಬಿಗೆ ಚಿತ್ತಾರ ಬರೆಸೋ ವಿಚಾರ ಸಾಗರದವರಿಗೆ ಬೇರೆ ಸಂದೇಶ ಕಳಿಸಿದ್ದೀನಿ. ಅಕ್ಷರ ಹಾಕಲ್ಲ. ಅಜ್ಜಿ ಹೇಳಿದ್ದು ಸರಿ ಅಂತಲ್ಲ, ನಮ್ಮ ನೆಂಟರಲ್ಲೂ ಅಂಥ ಹಿರಿಯರು ಇದ್ದಾರೆ, ಅವರು ಕೋಸ್ಟರ್ ಬಳಸದೆ ಎತ್ತಿಡೋದು ಬೇಡ.

ಕೊನೇ ಪ್ರಶ್ನೆ: ಮ್ಯಾಟಿ ಬಟ್ಟೆಯನ್ನ ಕಸೂತಿ ಹಾಕೋಕೆ ಮೊದಲೇ ಒಗೀಬೇಕಾ?

ಸೂಜಿದಾರ_ಧಾರವಾಡ
ಒಗೀಲೇಬೇಕ್ರಿ. ಮ್ಯಾಟಿಗೆ ಗಂಜಿ ಇರತೈತಿ, ಮೊದಲನೇ ಸಲ ಒಗದಾಗ ಉದ್ದಕ್ಕೂ ಅಗಲಕ್ಕೂ ಒಂದೇ ಸಮ ಕುಗ್ಗೂದಿಲ್ಲ. ಹಾಕಿದ ಮ್ಯಾಲೆ ಕುಗ್ಗಿದ್ರ ನಿಮ್ಮ ಚಿಕ್ಕಿ ಉದ್ದಾಗಿ ಕಾಣತೈತಿ. ಕತ್ತರಿಸೂಕಿಂತ ಮೊದಲ ಇಡೀ ತುಂಡು ಒಂದು ರಾತ್ರಿ ನೀರಾಗ ನೆನಸಿ, ಹಿಂಡದ ನೆರಳಾಗ ಒಣಗಿಸಿ, ಹಸಿ ಇದ್ದಾಗನ ಇಸ್ತ್ರಿ ಹೊಡೀರಿ. ಆಮ್ಯಾಲೆ ಅಂಚು ಎಳಿ ಬಿಚ್ಚದಂಗ ಸುತ್ತಲೂ ಕೈಲೆ ಒಂದು ಹೊಲಿಗಿ ಹಾಕಿ ಶುರು ಮಾಡ್ರಿ. ಮೊದಲನೇದು ಮುಗಿದ ಮ್ಯಾಲೆ ಹಿಂದಿನ ಮೈದು ಫೋಟೋ ಇಲ್ಲಿ ಹಾಕ್ರಿ, ಮುಂದಿನ ಮೈ ಬ್ಯಾಡ. ಹಿಂದಿಂದು ನೋಡಿದ್ರ ಎಲ್ಲಿ ಹಾದಿ ತಪ್ಪೇತಿ ಅಂತ ಹೇಳಾಕ ಬರತೈತಿ.